ಉಬ್ಬದ ಹಿಟ್ಟು

ಹನ್ನೆರಡು ಜನ ಪ್ರವಾಸಿಗಳ ಹಿಂದೆ, ಬಾಗಿಲಿಗೆ ತಲೆ ತಗ್ಗಿಸಿ ಒಳಬಂದ ಹದಿಮೂರನೆಯವನನ್ನು ನೋಡಿ ಅವಳ ಕೈಯಲ್ಲಿದ್ದ ಜರಡಿ ನಿಂತುಬಿಟ್ಟಿತು.

ಅವನೇ...

ಮೂರು ವರ್ಷಗಳಿಂದ ಈ ಭೇಟಿಯನ್ನು ಅವಳು ಮನಸ್ಸಿನಲ್ಲೇ ನೂರು ಸಲ ನಡೆಸಿ ನೋಡಿದ್ದಳು. ಪ್ರತಿ ಸಲವೂ ಒಳ್ಳೆ ಬಟ್ಟೆ ಹಾಕಿಕೊಂಡಿದ್ದಳು. ಒಂದು ಸಲವೂ ಮೂಗಿನ ಮೇಲೆ ಮೈದಾ ಇರಲಿಲ್ಲ.

"ನಮಸ್ಕಾರ. ಹಡಗಿನ ಕಡೆಯಿಂದ ಬಂದಿದ್ದೀನಿ," ಅಂದ ಅವನು, ಪರಿಚಯವೇ ಇಲ್ಲದವರಿಗೆ ಹೇಳುವ ಹಾಗೆ.

"ಗೊತ್ತಾಯ್ತು. ಕೈ ತೊಳ್ಕೊಳ್ಳಿ."

ಅವನು ಹಡಗಿನಲ್ಲಿ ಬ್ರೆಡ್ ಮಾಡುವವನು. ಆ ವರ್ಷ ಹದಿನೈದು ದಿನಕ್ಕೊಮ್ಮೆ ಹಡಗು ಬಂದರಿಗೆ ಬರುತ್ತಿತ್ತು. ಅವನು ಅವಳ ಮನೆಯವರ ಹಿಟ್ಟಿನ ಅಂಗಡಿಗೆ ಈಸ್ಟ್ ಕೊಳ್ಳಲು ಬರುತ್ತಿದ್ದ. ಹಡಗಿನ ಉಗ್ರಾಣದಲ್ಲಿ ವರ್ಷಕ್ಕಾಗುವಷ್ಟು ಈಸ್ಟ್ ಇತ್ತೆಂಬುದು ಅಜ್ಜಿಗೂ ಗೊತ್ತಿತ್ತು. ಅವರಿಬ್ಬರು ಎಂದೂ ಗಡಿಯಾರ ನೋಡಿ ಭೇಟಿಯಾದವರಲ್ಲ. ಬಂದಾಗ ಬಂದ, ಹೋದಾಗ ಹೋದ.

ಹೊತ್ತು ಗೊತ್ತು ಮಾಡಿದ್ದು ಒಂದೇ ಸಲ. ಕೊನೆಯ ದಿನ ಬೆಳಿಗ್ಗೆ, ನನ್ನನ್ನು ಮದುವೆಯಾಗುತ್ತೀಯಾ ಎಂದು ಕೇಳಿದ್ದ. ಸಂಜೆ ನಾಲ್ಕಕ್ಕೆ ಬಂದರಿನ ಗೇಟಿನ ಹತ್ತಿರ ಉತ್ತರ ಹೇಳು ಎಂದಿದ್ದ. ಅವಳು ಮೂರಕ್ಕೇ ಹೋಗಿ ನಿಂತಿದ್ದಳು. ನಾಲ್ಕೂಮುಕ್ಕಾಲಿನವರೆಗೆ ನಿಂತಳು. ಯಾರಿಗೆ ಕಾಯ್ತಿದ್ದೀಯಮ್ಮ ಎಂದು ಮೀನು ಮಾರುವವರು ಮೂರು ಸಲ ಕೇಳಿದ ಮೇಲೆ, ಮುಖವನ್ನು ಎಲ್ಲಿಡಬೇಕೆಂದು ತಿಳಿಯದೆ ಮನೆಗೆ ಬಂದಳು. ಆಮೇಲೆ ಹಡಗಿನ ದಾರಿ ಬದಲಾಯಿತು, ಈ ಬಂದರಿಗೆ ಬರುವುದೇ ನಿಂತಿತು.

ಈಗ ನೋಡಿದರೆ ಹಡಗು ಮತ್ತೆ ಬಂದಿದೆ, ಅಂಗಡಿಯ ಹಿಂದಿನ ಅಡುಗೆಮನೆಯಲ್ಲಿ ಪ್ರವಾಸಿಗಳಿಗೆಂದು ಅಮ್ಮ ತಿಂಗಳ ಹಿಂದಷ್ಟೇ ಶುರುಮಾಡಿದ ಅಡುಗೆ ತರಗತಿಗೆ ಹಡಗಿನವರು ಕಳಿಸಿದ ಮೇಲ್ವಿಚಾರಕ ಇವನೇ!

ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿ, ಬೆಕ್ಕು ಹಾಲಿನ ದಾರಿ ಮರೆಯುವುದಿಲ್ಲ ಎಂದು ಬೆಳ್ಳುಳ್ಳಿಗೆ ತಿಳಿಸಿದರು.

ಪ್ರವಾಸಿಗಳ ಕೊರಳಲ್ಲಿ ನೇತಾಡುತ್ತಿದ್ದ ಚೀಟಿಯನ್ನು ಅವಳು ಓದಿದಳು. ಐದು ಗಂಟೆಯೊಳಗೆ ಹಡಗು ಹತ್ತಬೇಕು. ಹಡಗು ಯಾರಿಗೂ ಕಾಯುವುದಿಲ್ಲ. ಕೆಲಸದವರು ಹಡಗು ತಪ್ಪಿಸಿಕೊಂಡರೆ ಕೆಲಸವೂ ಹೋಯಿತು ಎಂದು ಅವನೇ ಹಿಂದೊಮ್ಮೆ ಹೇಳಿದ್ದ.

'ಇವತ್ತು ನೀನು ನಿಲ್ಲು ಆ ಗೇಟಿನಲ್ಲಿ. ಖಾಲಿ ನೀರು ನೋಡ್ತಾ ನಿಲ್ಲು...'

ಬ್ರೆಡ್ಡಿನ ಹಿಟ್ಟಿಗೆ ಈಸ್ಟ್ ಕಲಸುವಾಗ ಅವಳು ಉಗುರುಬೆಚ್ಚಗಿನ ನೀರಿನ ಬದಲು ಕುದಿನೀರು ಸುರಿದಳು. ಈಸ್ಟ್ ಸತ್ತಿತು. ಹನ್ನೆರಡು ಜನ ಸರದಿಯಲ್ಲಿ ನಗುತ್ತಾ ಆ ಹೆಣವನ್ನು ನಾದಿದರು.

ಹಿಟ್ಟು ಉಬ್ಬಲಿಲ್ಲ. ಪ್ರವಾಸಿಗಳು ಉಂಡು, ಅಮ್ಮನ ಜೊತೆ ಪೇಟೆ ನೋಡಲು ಬಸ್ ಹತ್ತಿದರು. ಅವರು ನಾದಿದ ಹಿಟ್ಟನ್ನು ಬ್ರೆಡ್ಡಾಗಿ ಬೇಯಿಸಿ ಹಡಗಿಗೆ ತಲುಪಿಸುವ ಹೊಣೆ ಅವನದು. ಅವನು ಬೋಗುಣಿಯ ಮುಂದೆ ಸ್ಟೂಲ್ ಹಾಕಿಕೊಂಡು ಕೂತ. ಇನ್ನೂ ಸ್ವಲ್ಪ ಹೊತ್ತು ಬೇಕು ಎಂದು ಅವಳು ನಾಲ್ಕು ಸಲ ಹೇಳಿದಳು. ನಾಲ್ಕು ಸಲವೂ ಅವನು ತಲೆಯಾಡಿಸಿದ.

ಗೋಡೆ ಗಡಿಯಾರ ಐದು ಹೊಡೆಯಿತು. ಅವಳು ಏಪ್ರನ್ ಬಿಚ್ಚಿ, ಮಡಚಿ, ಮೇಜಿನ ಮೇಲಿಟ್ಟಳು.

"ಹಿಟ್ಟು ಉಬ್ಬಲ್ಲ. ಈಸ್ಟ್ ನಾನೇ ಸಾಯಿಸಿದೆ. ನಿಮ್ಮ ಹಡಗು ಹೋಯ್ತು, ಕೆಲಸಾನೂ ಹೋಯ್ತು. ಕಾಯೋದು ಹೇಗಿರತ್ತೆ ಅಂತ ಈಗ ಹೋಗಿ ನಿಂತು ನೋಡಿ."

"ನೀರಲ್ಲಿ ಹಬೆ ಬರ್ತಿತ್ತು. ಆಗಲೇ ನೋಡ್ದೆ."

"ಮತ್ತೆ ಕೂತಿದ್ದು ಯಾಕೆ?"

"ಬೈತೀರಲ್ಲ, ಕೇಳೋಣ ಅಂತ. ಅವತ್ತು ಯಾಕೆ ಬರಲಿಲ್ಲ ಅನ್ನೋದು ಅದರಲ್ಲಾದ್ರೂ ಗೊತ್ತಾಗತ್ತೇನೋ ಅಂತ."

"ನಾನಾ? ನಾನು ಬರಲಿಲ್ವಾ?"

ಅಜ್ಜಿಯ ಬೆಳ್ಳುಳ್ಳಿ ಮುಗಿದಿತ್ತು. ಆದರೂ ಎದ್ದು ಹೋಗಲಿಲ್ಲ.

ನಾಲ್ಕರಿಂದ ಐದರವರೆಗೆ, ಗೇಟು ಮುಚ್ಚುವವರೆಗೂ ನಿಂತಿದ್ದೆ ಎಂದ ಅವನು. ಸುಳ್ಳು ಎಂದಳು ಅವಳು. ಮೀನಿನವರನ್ನು ಸಾಕ್ಷಿಗೆ ಕರೆದಳು. ನಾನು ಬರುವಷ್ಟರಲ್ಲಿ ಮೀನಿನವರು ಬುಟ್ಟಿ ಎತ್ತಿಕೊಂಡು ಹೋಗಿದ್ದರು ಎಂದ ಅವನು. ಕೊನೆಗೆ ಅವಳು, ಇಲ್ಲಿ ಜಗಳ ಆಡೋದು ಬಿಟ್ಟು ಹೋಗಿರುವ ಹಡಗಿನ ಯೋಚನೆ ಮಾಡಿ ಎಂದು ಗದರಿದಳು.

"ಹಡಗು ಎಲ್ಲೂ ಹೋಗಿಲ್ಲ," ಎಂದು ಅವನು ಕೈಗಡಿಯಾರ ತೋರಿಸಿದ. ನಾಲ್ಕು. "ಒಂದು ದಿನ ನಿಲ್ಲೋ ಊರಿಗೆಲ್ಲ ಹಡಗಿನ ಗಡಿಯಾರ ಬದಲಾಯಿಸಲ್ಲ. ನಿಮ್ಮೂರಿಗಿಂತ ಒಂದು ಗಂಟೆ ಹಿಂದೆ..."

ಅವನ ನಾಲ್ಕು ಅವಳ ಐದು. ಇಬ್ಬರ ಮುಖದಲ್ಲೂ ಲೆಕ್ಕ ಒಂದೇ ಸಲ ಮುಗಿಯಿತು.

ಅವಳು ಗೇಟು ಬಿಟ್ಟ ಹದಿನೈದು ನಿಮಿಷಕ್ಕೆ ಅವನು ಬಂದಿದ್ದ.

ಬೇರೆಯವರಾಗಿದ್ದರೆ ಅಳುತ್ತಿದ್ದರು. ಅವಳಿಗೆ ಮೊದಲು ಬಂದದ್ದು ಸಿಟ್ಟು. ಮೂರು ವರ್ಷ ಉಪ್ಪುಖಾರ ಹಾಕಿ ಸಾಕಿದ ಸೇಡು. ಅದಕ್ಕೆ ವಾರಸುದಾರನೇ ಇಲ್ಲವಲ್ಲ... ಆಮೇಲೆ ಅಳುವೂ ಬಂತು.

"ಹಡಗಿನ ಗಡಿಯಾರ ಅಂತ ಅವತ್ತೇ ಬಾಯಿಬಿಟ್ಟು ಹೇಳಕ್ಕೇನಾಗಿತ್ತು ನಿನಗೆ?"

'ನೀವು' ಕಳಚಿ ಬಿದ್ದದ್ದು ಅವಳಿಗೆ ತಿಳಿಯಲಿಲ್ಲ. ಅವನಿಗೆ ತಿಳಿಯಿತು.

"ಹೆಡ್ಡ ನಾನು," ಅಂದ. "ಅವತ್ತು ನೀನು ಏನು ಹೇಳಬೇಕು ಅಂತ ಬಂದಿದ್ದೆ?"

"ಒಂದೂಮುಕ್ಕಾಲು ಗಂಟೆ ನಿಂತವಳು ಏನು ಹೇಳಕ್ಕೆ ನಿಂತಿರ್ತಾಳೆ?"

ಅಜ್ಜಿ ಎದ್ದು, ಸಿಪ್ಪೆಯ ಮೊರ ಎತ್ತಿಕೊಂಡು, ಇನ್ನು ತಮ್ಮ ಕೆಲಸವಿಲ್ಲ ಎಂಬಂತೆ ಅಂಗಡಿಯ ಕಡೆ ನಡೆದರು.

ಹಡಗಿನ ಕೆಲಸದ ಒಪ್ಪಂದ ಇನ್ನು ಎರಡು ತಿಂಗಳು, ಮುಗಿದ ದಿನವೇ ಇಲ್ಲಿರುತ್ತೇನೆ ಎಂದ ಅವನು. ಅವಳು ಚಪ್ಪಲಿ ಮೆಟ್ಟಿ ಅವನ ಜೊತೆ ಬೀದಿಗಿಳಿದಳು. ಇಬ್ಬರೂ ತಿರುವು ದಾಟಿದರು.

"ಇನ್ಮೇಲೆ ನಾನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಳಲಿ?" ಅಂದಳು ಕಣ್ಣೊರೆಸಿಕೊಳ್ಳುತ್ತಾ.

"ನನ್ನ ಮೇಲೇ ಮಾಡ್ಕೋ," ಅಂದ ಅವನು. "ಅಭ್ಯಾಸ ತಪ್ಪೋದು ಬೇಡ."