ಕರಿಮಣಿ ಜಾಸ್ತಿ ಆಯ್ತು

ತಟ್ಟೆಯಲ್ಲಿ ತೆಂಗಿನಕಾಯಿ ಇತ್ತು, ಅಕ್ಷತೆ ಇತ್ತು. ತಾಳಿ ಇರಲಿಲ್ಲ.

"ಅಯ್ಯಯ್ಯೋ, ಕರಿಮಣಿ ಕಾಣ್ತಿಲ್ಲ!"

ಮದುಮಗಳ ಕೋಣೆಯಿಂದ ಸೌಮ್ಯ ಕೂಗಿದ್ದು ವಾಲಗದ ಸದ್ದನ್ನೂ ಮೀರಿ ಮಂಟಪಕ್ಕೆ ಕೇಳಿಸಿತು. ಹುಡುಕಾಟ ಬಹಳ ಹೊತ್ತು ನಡೆಯಲಿಲ್ಲ. ಸೌಮ್ಯಳ ತಾಯಿ ಗಂಗಾಂಬಿಕಾ ನೇರವಾಗಿ ಹೋಗಿ ಒಂದು ಬಟ್ಟೆಯ ಚೀಲವನ್ನು ಮಂಚದ ಮೇಲೆ ಸುರಿದಳು. ನೀರಿನ ಬಾಟಲಿ, ಕ್ಯಾಮೆರಾ, ಜೇನುಹುಳಗಳ ಚಿತ್ರವಿದ್ದ ಪುಸ್ತಕ. ಅವುಗಳ ನಡುವೆ ದಾರ ಹರಿದ ಕರಿಮಣಿ ಸರ, ಅದರಲ್ಲಿ ಚಿನ್ನದ ತಾಳಿ.

ಚೀಲ ಮಾರ್ಕೆತಾಳದ್ದು.

ಈಕೆ ಚೆಕ್ ದೇಶದವಳು. ಕಾಡುಜೇನಿನ ಅಧ್ಯಯನಕ್ಕೆಂದು ಬಂದು ಹುಲೇಕಲ್‌ನ ಕೆರಿಯ ನಾಯ್ಕರ ಮನೆಯಲ್ಲಿ ಬಾಡಿಗೆಗಿದ್ದಳು. ನಾಯ್ಕರ ಮಗಳು ಚೇತನಾ ಅವಳಿಗೆ ಕನ್ನಡ ಕಲಿಸಿದಳು, ಸೀರೆ ಉಡಿಸಿದಳು, ಕೊನೆಗೆ ತನ್ನ ಮದುವೆಯಲ್ಲಿ ಕಳಶಗಿತ್ತಿಯನ್ನಾಗಿಯೂ ಮಾಡಿಕೊಂಡಳು. ಚೇತನಾಳಿಗೆ ಒಡಹುಟ್ಟಿದ ತಂಗಿ ಇಲ್ಲ. ಹಾಗಾಗಿ ಮದುಮಗಳ ಪಕ್ಕ ಕಳಶ ಹಿಡಿದು ನಿಲ್ಲುವ ಜಾಗ ಚಿಕ್ಕಮ್ಮನ ಮಗಳಾದ ತನ್ನದೇ ಎಂದು ಸೌಮ್ಯ ಹೊಸ ಸೀರೆ ತೆಗೆಸಿಕೊಂಡು ಕಾದಿದ್ದಳು. ಅಂದಿನಿಂದ ನೆಂಟರಿಷ್ಟರಿಗೆಲ್ಲ ಮಾರ್ಕೆತಾಳನ್ನು ಕಂಡರೆ ಮೈಯೆಲ್ಲ ಉರಿ.

ಶಿರಸಿಯ ಆ ಕಲ್ಯಾಣ ಮಂಟಪಕ್ಕೆ ಸಬ್ ಇನ್‌ಸ್ಪೆಕ್ಟರ್ ನುಜ್ಹತ್ ಬಂದಾಗ ಗಂಡಿನ ಕಡೆಯವರು ವಾಪಸು ಹೊರಡಲೆಂದು ಜೀಪು ತಿರುಗಿಸಿ ನಿಲ್ಲಿಸಿಕೊಂಡಿದ್ದರು. ಒಳಗೆ ಎಲ್ಲರೂ ಒಟ್ಟಿಗೇ ಕೂಗುತ್ತಿದ್ದರು. ಎತ್ತಿದ ಕೈಗಳ ಹಸಿರು ಬಳೆಗಳ ಸದ್ದೇ ಒಂದು ಗದ್ದಲ.

"ಕೇಸು ಹಾಕಿ ಮೇಡಂ! ವೀಸಾ ಕಿತ್ಕಂಡು ಓಡ್ಸಿ ಇವ್ಳನ್ನ!" ಎಂದಳು ಗಂಗಾಂಬಿಕಾ.

ಕೇಸು ದಾಖಲಾದರೆ ವೀಸಾ ಉಳಿಯುವುದು ಕಷ್ಟ ಎಂದು ನುಜ್ಹತ್‌ಗೂ ಗೊತ್ತಿತ್ತು. ತಾನೊಂದು ಸಹಿ ಹಾಕಿದರೆ ಸಾಕು, ಈ ಹುಡುಗಿ ಕಳ್ಳಿ ಎನ್ನಿಸಿಕೊಂಡು ದೇಶ ಬಿಡಬೇಕು.

"ಇವ್ರಿಗೆ ನಮ್ಮ ಶಾಸ್ತ್ರ ಎಂತ ತಿಳೀತದೆ?" ಹಿಂದಿನಿಂದ ಯಾರೋ ಗೊಣಗಿದರು. ಅದು ತನಗೇ ಅಂದದ್ದು. ನುಜ್ಹತ್ ಕೇಳಿಯೂ ಕೇಳದಂತೆ ಕುರ್ಚಿ ಎಳೆದುಕೊಂಡಳು.

ಪಕ್ಕದಿಂದ ಸಪೂರ ಕೈಯೊಂದು ಸದ್ದಿಲ್ಲದೆ ಕಾಫಿ ಲೋಟ ಇಟ್ಟಿತು. ನಾಯ್ಕರ ತಂಗಿ ಹೊನ್ನಿ. ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿದವಳು. ಮಾರ್ಕೆತಾಳಿಗೆ ದಿನವೂ ಊಟ ಬಡಿಸುತ್ತಿದ್ದವಳೂ ಇವಳೇ.

"ಆ ಹುಡ್ಗಿಗೂ ಎಂತಾರೂ ಕೊಡಿ ಮೇಡಂ. ಬೆಳಿಗ್ಗೆಯಿಂದ ತಿಂದಿಲ್ಲ ಅದು," ಎಂದು ಹೇಳಿ ಹಿಂದೆ ಸರಿದಳು.

ನುಜ್ಹತ್ ಮಾರ್ಕೆತಾಳತ್ತ ತಿರುಗಿದಳು. "ತಟ್ಟೆ ಕೋಣೆಗೆ ತಂದದ್ದು ಯಾರು?"

"ನಾನು. ಹಿರಿಯರೆಲ್ಲ ಮುಟ್ಟಿ ಆಶೀರ್ವಾದ ಮಾಡಿದ ಮೇಲೆ ತಂದು ಮೇಜಿನ ಮೇಲೆ ಇಟ್ಟೆ. ಸೆರಗು ಜಾರುತ್ತಿತ್ತು. ಪಿನ್ ಹಾಕಲು ಪರದೆಯ ಹಿಂದೆ ಹೋದೆ."

"ಆಗ?"

"ಒಬ್ಬರು ಹೆಂಗಸು ಬಂದರು. ಮುಖ ನೋಡಲಿಲ್ಲ. ತಮ್ಮಷ್ಟಕ್ಕೆ ಮೆಲ್ಲಗೆ ಮಾತಾಡಿದರು."

"ಏನಂತ?"

"ಅಯ್ಯೋ ದೇವರೇ, ಕರಿಮಣಿ ಜಾಸ್ತಿ ಆಯ್ತು — ಅಂತ."

ಮಂಟಪವೇ ನಕ್ಕಿತು. ಅದು ಒಳ್ಳೆಯ ನಗುವಲ್ಲ.

"ಜಾಸ್ತಿ ಆಗೂಕೆ ಅದೆಂತ ಸಾರಿನ ಉಪ್ಪಾ?" ಎಂದಳು ಸೌಮ್ಯ. "ಸರಿಯಾಗಿ ಸುಳ್ಳು ಹೇಳೂಕೂ ಬರೂದಿಲ್ಲ ಇವ್ಳಿಗೆ!"

"ತಟ್ಟೆಯಲ್ಲಿ ಕರಿಮಣಿ ಇಲ್ಲದ್ದು ಕಂಡ್ಮೇಲೂ ಸುಮ್ನಿದ್ದೆ ಯಾಕೆ?" ನುಜ್ಹತ್ ಬಿಡಲಿಲ್ಲ.

"ಜಾಸ್ತಿ ಇದ್ದ ಮಣಿ ತೆಗೆಯಲು ಒಯ್ದಿದ್ದಾರೆ ಅಂದುಕೊಂಡೆ. ಕೇಳಿದರೆ ಇವರು ಬೈಯುತ್ತಾರೆ. ಬೆಳಿಗ್ಗೆಯಿಂದ ಬೈಯುತ್ತಲೇ ಇದ್ದಾರೆ."

ಆ ಹೊತ್ತಿಗೆ ಕೋಣೆಗೆ ಹೋದವರು ಯಾರ್ಯಾರು? ಅಳು ತಡೆದುಕೊಂಡು ಚೇತನಾ ಹೇಳಿದಳು: "ಮೂರೇ ಜನ ಮೇಡಂ. ಸೌಮ್ಯ ಹೂವಿಗೆ, ಚಿಕ್ಕಮ್ಮ ಬಾಚಣಿಗೆಗೆ, ಹೊನ್ನತ್ತೆ ಖಾಲಿ ಲೋಟ ತರೂಕೆ. ನಾನು ಭಟ್ರ ಹತ್ರ ಕೂತಲ್ಲಿಂದ ಬಾಗ್ಲು ಕಾಣ್ತಿತ್ತು."

ನುಜ್ಹತ್ ಮಾರ್ಕೆತಾಳನ್ನು ಒಬ್ಬಳನ್ನೇ ಮೂಲೆಗೆ ಕರೆದಳು.

"ನೆನಪು ಮಾಡ್ಕೊ. 'ಜಾಸ್ತಿ' — ಅದೇ ಮಾತಾ ಅವರು ಆಡಿದ್ದು?"

ಹುಡುಗಿ ಕಣ್ಣು ಮುಚ್ಚಿದಳು. "ಅಲ್ಲ. ಅರ್ಥ ಅದೇ. ಅವರು ಹೇಳಿದ್ದು... ಹೆಚ್ಚಿತು. ಕರಿಮಣಿ ಹೆಚ್ಚಿತು."

ನುಜ್ಹತ್ ಕೈಯಲ್ಲಿದ್ದ ಲೋಟವನ್ನು ಕಿಟಕಿಯ ಮೇಲಿಟ್ಟಳು.

"ಮಾತು ಬಿಟ್ಟು ಬೇರೆ ಸದ್ದು?"

"ತಟ್ಟೆಯ ಸದ್ದು."

"ಬಳೆ?"

"ಬಳೆ..." ಮಾರ್ಕೆತಾ ತಡೆದಳು. "ಇಲ್ಲ. ಬಳೆಯ ಸದ್ದು ಇರಲಿಲ್ಲ."

ನುಜ್ಹತ್ ಮಂಟಪದ ನಡುವೆ ಬಂದು ನಿಂತಳು. ಮುಹೂರ್ತ ಮೀರುತ್ತದೆಂದು ಭಟ್ಟರು ಚಡಪಡಿಸುತ್ತಿದ್ದರು.

"ನನ್ನ ಅಜ್ಜಿ ಜೈನಾಬ್ ಸಿದ್ದಾಪುರ ಸಂತೆಯಲ್ಲಿ ಬಳೆ ಮಾರ್ತಿದ್ರು. ಪಕ್ಕದಲ್ಲಿ ಕೂತು ನಾನು 'ಬಳೆ ಒಡೀತು' ಅಂದ್ರೆ ತಲೆಗೆ ಮೊಟಕ್ತಿದ್ರು. ಒಡೀತು ಅನ್ಬಾರ್ದು, ಹೆಚ್ಚಿತು ಅನ್ಬೇಕು. ನಿಮ್ಮಲ್ಲಿ ಕರಿಮಣಿ ಹರಿದ್ರೂ ಹಂಗೇ ಅಲ್ವಾ, ಗಂಗಾಂಬಿಕಾ?"

ಗಂಗಾಂಬಿಕಾ ತನ್ನ ಕೊರಳ ಕರಿಮಣಿಯನ್ನು ಮುಟ್ಟಿಕೊಂಡಳು. ಉತ್ತರ ಎಲ್ಲರಿಗೂ ಗೊತ್ತಿತ್ತು.

"ಈ ಹುಡುಗಿ ಕೇಳಿದ್ದು 'ಹೆಚ್ಚಿತು' ಅಂತ. ಇವಳು ಅದನ್ನ ಜಾಸ್ತಿ ಅಂತ ತಿಳ್ಕೊಂಡ್ಳು. ನೀವು ನಕ್ಕಿರಿ. ಅರ್ಥವೇ ಗೊತ್ತಿಲ್ಲದ ಮಾತನ್ನ ಸುಳ್ಳಿಗೆ ಅಂತ ಕಟ್ಟೂಕೆ ಆಗ್ತದಾ? ಇವಳು ಕೇಳಿದ್ದು ನಿಜ. ಪರದೆಯ ಆಚೆ ಒಬ್ಬ ಹೆಂಗಸಿನ ಕೈಯಲ್ಲಿ ದಾರ ಹರಿದದ್ದೂ ನಿಜ."

"ಅಂದ್ರೆ ನಮ್ಮ ಮೇಲೇ ಹೊರಿಸ್ತೀರಾ?" ಗಂಗಾಂಬಿಕಾ ಕೈ ಬೀಸಿದಳು. ಬಳೆಗಳು ಝಲ್ಲೆಂದವು.

"ಕೇಳಿದ್ರಾ? ನೀವು ಕೈ ಎತ್ತಿದ್ರೆ ಊರಿಗೇ ಗೊತ್ತಾಗ್ತದೆ. ಸೌಮ್ಯನ ಕೈತುಂಬಾನೂ ಬಳೆ. ಪರದೆಯ ಆಚೆ ಬಳೆ ಸದ್ದೇ ಇರ್ಲಿಲ್ಲ. ಇನ್ನೊಂದು ಮಾತು. ಮುತ್ತೈದೆ ಕೈಯಲ್ಲಿ ಹರಿದಿದ್ರೆ ನಾಲ್ಕು ಬೈಗುಳ ತಿಂದು ಹೊಸ ದಾರಕ್ಕೆ ಪೋಣಿಸ್ತಿದ್ಳು, ಅಷ್ಟೇ. ಬಚ್ಚಿಡೋ ಗತಿ ಬರೋದು ಯಾರಿಗೆ? ಅದನ್ನ ಮುಟ್ಟಲೇಬಾರದು ಅಂತ ನೀವು ದೂರ ಇಟ್ಟವರಿಗೆ." ನುಜ್ಹತ್‌ಳ ದನಿ ಇಳಿಯಿತು. "ಹೊನ್ನಕ್ಕ, ಕೋಣೆಗೆ ಹೋದ ಮೂವರಲ್ಲಿ ಬಳೆಯಿಲ್ಲದ ಕೈ ನಿಮ್ಮದೊಂದೇ."

ಹೊನ್ನಿ ಲೋಟಗಳಿದ್ದ ಹರಿವಾಣವನ್ನು ಕೆಳಗಿಟ್ಟಳು.

"ತಾಯಿ ಇಲ್ದ ಕೂಸು ಚೇತನಾ. ಮೀಸಿದ್ದು, ಉಣಿಸಿದ್ದು ಎಲ್ಲ ನಾನೇ. ಇವತ್ತು ತಟ್ಟೆ ಎಲ್ರ ಮುಂದೂ ಹೋಯ್ತು. ನನ್ನ ಹತ್ರ ಬರೂವಾಗ ಗಂಗಾಂಬಿಕಾ ತಟ್ಟೆ ತಂದ ಈ ಹುಡ್ಗಿ ಕೈ ಹಿಡಿದು ಆಚೆ ತಿರುಗ್ಸಿದ್ಳು. ಒಂದ್ಸಲ ಕಣ್ಣಿಗೆ ಒತ್ಕಳ್ವ ಅಂತ ತೆಗ್ದೆ... ಮೇಜಿನ ಮೊಳೆಗೆ ಸಿಕ್ತು."

"ಇವಳ ಚೀಲಕ್ಕೆ ಹಾಕಿದ್ದು ಯಾಕೆ?"

"ಅದು ಹೊರಗಿನ ಹುಡ್ಗಿ. ನಾಕು ದಿನ ಬೈತ್ರು, ವಿಮಾನ ಹತ್ತಿ ಹೋಗ್ತದೆ." ಹೊನ್ನಿ ಅಣ್ಣನ ಮುಖವನ್ನೇ ನೋಡಿದಳು. "ನಾ ಎಲ್ಲಿಗೆ ಹೋಗ್ಲಿ?"

ಕೆರಿಯ ನಾಯ್ಕರು ತಲೆ ತಗ್ಗಿಸಿದರು. ಭಟ್ಟರು ಹೊಸ ದಾರ ಕೇಳಿದರು. ವಾಲಗದವರು ಮತ್ತೆ ಊದತೊಡಗಿದರು. ತಪ್ಪಾಯ್ತು ಎಂದು ಮಾರ್ಕೆತಾಳಿಗೆ ಒಬ್ಬರಾದರೂ ಹೇಳಿಯಾರೆಂದು ನುಜ್ಹತ್ ಕಾದಳು. ಯಾರೂ ಹೇಳಲಿಲ್ಲ. ನುಜ್ಹತ್‌ಗೆ ಸಿಟ್ಟು ಬಂತು.

"ಕೇಸಿಲ್ಲ. ನೀನು ಇಲ್ಲೇ ಇರಬಹುದು," ಎಂದಳು ಮಾರ್ಕೆತಾಳಿಗೆ.

ಮಾರ್ಕೆತಾ ಚೆಲ್ಲಿದ್ದ ಸಾಮಾನನ್ನೆಲ್ಲ ಚೀಲಕ್ಕೆ ತುಂಬಿಕೊಂಡಳು. ಕಳಶವನ್ನು ಎತ್ತಿ ಸೌಮ್ಯಳ ಕೈಗೆ ಕೊಟ್ಟಳು. ಆಮೇಲೆ ಮದುಮಗಳ ಮುಂದೆ ಬಂದು ನಿಂತಳು.

"ಚೇತನಾ, ನಾನು ಹೋಗ್ತೇನೆ."

ಅಳುವಿನ ನಡುವೆಯೂ ಚೇತನಾ ಅಭ್ಯಾಸಬಲದಿಂದ ತಿದ್ದಿದಳು. "ಹೋಗ್ತೇನೆ ಅನ್ಬಾರ್ದು ಮಾರಾಯ್ತಿ. ಬರ್ತೇನೆ ಅನ್ಬೇಕು. ಎಷ್ಟು ಸಲ ಹೇಳಿಕೊಟ್ಟಿದ್ದೆ?"

"ನೆನಪಿದೆ," ಎಂದಳು ಮಾರ್ಕೆತಾ. ಚೀಲ ಹೆಗಲಿಗೇರಿಸಿಕೊಂಡಳು. "ಹೋಗ್ತೇನೆ."