ಮೀಸಲು ರೊಟ್ಟಿ

ನಮ್ಮದು ಬೇಕರಿ. ಚರ್ಚಿನ ಪ್ರಭುಭೋಜನದ ರೊಟ್ಟಿಯನ್ನು ಮೀಸಲಾಗಿ ಎತ್ತಿಡುತ್ತೇವೆ. ಪಾದ್ರಿ ಮುರಿಯುವವರೆಗೆ ಯಾರೂ ಮುಟ್ಟಬಾರದು.

ಆ ಭಾನುವಾರ ಬೆಳಿಗ್ಗೆ ಅಣ್ಣ ಅದನ್ನೇ ಎತ್ತಿ ಕಚ್ಚಿದ.

"ಮೀಸಲು ಮುರಿದೆಯಲ್ಲೋ! ಮಾತು ಮೀರಿದ ಮಗನನ್ನ ಮೇಲಿರೋ ಆ ತಂದೆ ಸುಮ್ಮನೆ ಬಿಡ್ತಾನಾ?" ಅಂದಳು ಅಮ್ಮ.

"ಹಸಿದ ಮಗನಿಗೆ ಯಾವ ತಂದೆ ಹೊಡೀತಾನಮ್ಮ?" ಅಂತ ಅವನು ನಕ್ಕ.

ಬೇರೆ ರೊಟ್ಟಿ ಒಯ್ದೆವು. ಪಾದ್ರಿ ಅದನ್ನು ಮುರಿದವರು ನಮ್ಮತ್ತ ತಿರುಗಿಸಿ ಹಿಡಿದರು. ಹೊರಗೆ ಒಂದು ಬಿರುಕೂ ಇರಲಿಲ್ಲ. ಒಳಗೆ ಒಂದು ತುತ್ತಿನಷ್ಟು ಖಾಲಿ, ಸುತ್ತ ಹಲ್ಲಿನ ಗುರುತು. ಮುಂದಿನ ಹಲ್ಲೊಂದು ಇಲ್ಲದ ಬಾಯಿ, ಥೇಟ್ ಅಣ್ಣನದು.

ಓಡಿಬಂದು ಒಲೆಯಲ್ಲಿದ್ದ ರೊಟ್ಟಿಗಳನ್ನೆಲ್ಲ ಮುರಿದೆವು. ಎಲ್ಲದರಲ್ಲೂ ಅದೇ ಕುಳಿ. ಸುಡುವ ರೊಟ್ಟಿಯೊಳಗೆ ಅದು ಮಾತ್ರ ತಣ್ಣಗೆ ಕೊರೆಯುತ್ತಿತ್ತು.

ಅಣ್ಣನಿಗೆ ಅಂದಿನಿಂದ ಹಸಿವೇ ಆಗಿಲ್ಲ. ಆ ತುತ್ತು ಇನ್ನೂ ಗಂಟಲಿಗಿಳಿದಿಲ್ಲ ಅನ್ನುತ್ತಾನೆ. ನಿನ್ನೆ ಅಮ್ಮ ಅವನ ಬಾಯಿಗೆ ಬೆರಳು ಹಾಕಿ ನೋಡಿದಳು.

ಆ ತುತ್ತು ಇನ್ನೂ ಬಿಸಿಯಾಗಿತ್ತು.