ಗೋಡೆಗೆ ನೀರು ಹಾಕಿದವರು

ನಂಬೋದು ಬಿಡೋದು ನಿಮಗೆ ಸೇರಿದ್ದು. ನನ್ನ ಮೇಲಂತೂ ಆ ಮನೆಯ ಋಣ ಇದೆ.

ಹೊಲದ ನಡುವಿನ ಆ ಹಳೇ ಮನೆ ಕೊಂಡಾಗ ಗೋಡೆಗಳ ಗಾರೆ ಕಳಚಿ ಬೀಳುತ್ತಿತ್ತು. ಸಿಮೆಂಟು ಬೇಡ, ಮೊದಲಿನ ಹಾಗೆ ಸುಣ್ಣದ ಗಾರೆಯನ್ನೇ ಮಾಡಿಸೋಣ ಎಂದೆ. ಮೇಸ್ತ್ರಿ ಎಚ್ಚರಿಸಿದರು: "ಹಸಿ ಗಾರೆ ಹಸುಗೂಸಿದ್ದ ಹಾಗೆ. ಹೊತ್ತುಹೊತ್ತಿಗೆ ನೀರು ಹಾಕದಿದ್ರೆ ಬಿರುಕು ಬಿಡುತ್ತೆ."

ನಡುಮನೆಯ ಗಾರೆ ಮುಗಿದ ದಿನವೇ ಊರಲ್ಲಿ ಅಪ್ಪ ಬಿದ್ದು ಸೊಂಟ ಮುರಿದುಕೊಂಡರು. ಗೋಡೆಗೆ ಒದ್ದೆ ಗೋಣಿ ಹೊದಿಸಿ, ಬೀಗ ಹಾಕಿ ಆಸ್ಪತ್ರೆಗೆ ಓಡಿದೆವು. ಹೊರಗೆ ಉರಿಬಿಸಿಲು. ವಾರ ಕಳೆದು ಮೇಸ್ತ್ರಿಯ ಜೊತೆ ಬೀಗ ತೆಗೆದರೆ ಒಳಗೆ ತಣ್ಣಗಿತ್ತು. ಗೋಣಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಬಕೆಟ್ಟು ಮಾತ್ರ ನಾನು ಬೋರಲು ಹಾಕಿದ್ದಲ್ಲೇ ಒಣಗಿಕೊಂಡು ಕೂತಿತ್ತು.

ಮೇಸ್ತ್ರಿ ಗೋಡೆ ಸವರಿದರು. ಕೂದಲೆಳೆಯಷ್ಟೂ ಬಿರುಕಿಲ್ಲ.

"ನೀರು ಹಾಕೋಕೆ ಯಾರಿಗೆ ಹೇಳಿ ಹೋಗಿದ್ರಿ?"

"ಯಾರಿಗೂ ಇಲ್ಲ. ಬೀಗದ ಕೈ ನನ್ನ ಜೇಬಲ್ಲೇ ಇತ್ತು."

"ಯಾರೇ ಆಗ್ಲಿ, ಪುಣ್ಯಾತ್ಮರು," ಎಂದು ಅವರು ಮೆಲ್ಲಗೆ ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದರು.

ನಾನು ಗೋಡೆಗೆ ಕೈ ಮುಗಿದೆ. ಆಮೇಲೆ ಅದನ್ನು ಹೇಳಿದಾಗ ಹೆಂಡತಿ ನಕ್ಕಳು: "ನನಗೆ ಒಂದು ದಿನವಾದ್ರೂ ಕೈ ಮುಗಿದಿದ್ದೀರಾ?"

ಹೋದ ತಿಂಗಳು ಅದೇ ನಡುಮನೆಯಲ್ಲಿ ಮಗಳು ಜ್ವರದಿಂದ ಮಲಗಿದ್ದಳು. ಹಣೆಗೆ ಒದ್ದೆ ಬಟ್ಟೆ ಹಾಕಿ ಹಾಕಿ ಸುಸ್ತಾಗಿ, ಮಧ್ಯಾಹ್ನ ನಾವಿಬ್ಬರೂ ನಿದ್ದೆ ಹೋದೆವು. ಎದ್ದಾಗ ಸಂಜೆ. ಜ್ವರ ಬಿಟ್ಟಿತ್ತು. ಹಣೆಯ ಬಟ್ಟೆ ಆಗಷ್ಟೇ ಅದ್ದಿ ಹಾಕಿದಂತೆ ತಣ್ಣಗಿತ್ತು. ಹೆಂಡತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ.

ಬಟ್ಟೆ ಮೂಸಿದೆ. ಹಸಿ ಸುಣ್ಣದ ವಾಸನೆ.